ಒಡೆಯಬಾರದ ಕಾಯಿ ಮತ್ತು ನಮ್ಮ ಚಿಗವ್ವ

ತೆಂಗಿನಕಾಯಿಯ ಜುಟ್ಟಿನ ಕೆಳಗೆ ನೀಲಿ ಶಾಯಿಯಲ್ಲಿ ‘ಒಡೆಯಬಾರದು’ ಎಂದು ಬರೆದಿತ್ತು. ಅಕ್ಷರಗಳು ದುಂಡಗಿದ್ದವು. ಕೆಳಗೆ ಒಂದು ಗೆರೆ ಬೇರೆ.

ಈ ಕಾಯಿ ನಮ್ಮ ಚಿಗವ್ವನ ಧಾರಾವಾಹಿಯಲ್ಲಿ ಅದರ ನಾಯಕಿಗಿಂತ ಹೆಚ್ಚು ಕಂತುಗಳಲ್ಲಿ ನಟಿಸಿದೆ ಎಂದರೆ ನೀವು ನಂಬುವುದಿಲ್ಲ. ನಿಶ್ಚಿತಾರ್ಥಕ್ಕೂ ಅದೇ, ಗೃಹಪ್ರವೇಶಕ್ಕೂ ಅದೇ! ಒಳಗಿನ ನೀರು ಯಾವತ್ತೋ ಇಂಗಿತ್ತು. ನಾಯಕಿ ಆಗಾಗ ಮುನಿಸಿಕೊಳ್ಳುತ್ತಿದ್ದಳು. ಕಾಯಿ ಒಮ್ಮೆಯೂ ಮುನಿಸಿಕೊಂಡದ್ದಿಲ್ಲ.

ಚಿಗವ್ವ ಎಂದರೆ ಅವ್ವನ ತಂಗಿ. ಗದಗ ಆಗಷ್ಟೇ ಜಿಲ್ಲೆಯಾಗಿತ್ತು. “ಡಿ.ಸಿ. ಆಫೀಸ್ ಬಂತು, ಎಸ್.ಪಿ. ಆಫೀಸ್ ಬಂತು. ಜಿಲ್ಲಾಕ್ಕ ಒಂದು ಧಾರಾವಾಹಿ ಬ್ಯಾಡೇನು?” ಎಂದು ಮನೆಮಂದಿಯನ್ನೆಲ್ಲ ಕೇಳಿದಳು. ಯಾರೂ ಬೇಡ ಅನ್ನಲಿಲ್ಲ. ಬೇಕು ಎಂದೂ ಅನ್ನಲಿಲ್ಲ. ಅವಳಿಗೆ ಅಷ್ಟು ಸಾಕಾಯಿತು. ಊರಿನ ಕೇಬಲ್ ವಾಹಿನಿಗೆ ಕಥೆ, ಸಂಭಾಷಣೆ, ನಿರ್ದೇಶನ, ನಿರ್ಮಾಣ, ಜೊತೆಗೆ ಎಲ್ಲರಿಗೂ ಉಪ್ಪಿಟ್ಟು, ಎಲ್ಲವೂ ಅವಳೇ. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದಿದ್ದ ನನಗೆ ಸಿಕ್ಕ ಹುದ್ದೆ, ಹಿಂದಿನ ದೃಶ್ಯದಲ್ಲಿ ಬಳೆ ಯಾವ ಕೈಯಲ್ಲಿತ್ತು ಎಂದು ನೆನಪಿಟ್ಟುಕೊಳ್ಳುವುದು.

ನಾಯಕ ಮುಂಡರಗಿಯ ಬಸ್ ಕಂಡಕ್ಟರ್. ಅವರಿಗೆ ಡ್ಯೂಟಿ ಬಿದ್ದಾಗಲೆಲ್ಲ ಕಥೆಯಲ್ಲಿ ಅವರು ಪ್ರಜ್ಞೆ ತಪ್ಪುತ್ತಿದ್ದರು. ಬೆಟಗೇರಿಯ ಸಂತೆಯಲ್ಲಿ ಕಾಯಿಪಲ್ಲೆ ಮಾರುವಾಕೆ ಒಮ್ಮೆ ತಕ್ಕಡಿ ಹಿಡಿದುಕೊಂಡೇ ಚಿಗವ್ವನನ್ನು ಕೇಳಿದಳು:

“ಅಕ್ಕಾರ, ಆ ಹುಡುಗ್ಗ ಎಚ್ಚರ ಬಂತೇನ್ರಿ?”

“ಇನ್ನೂ ಇಲ್ಲವ್ವ. ರಜಾ ಮಂಜೂರಾಗಿಲ್ಲ.”

“ಅಯ್ಯ ಶಿವನ! ಎಚ್ಚರಾಗಾಕೂ ರಜಾ ಬೇಕೇನ್ರಿ?”

ಕ್ಯಾಮೆರಾದ ರಫೀಕ್ ಲಕ್ಷ್ಮೇಶ್ವರದವನು. ಮದುವೆ ವಿಡಿಯೋ ತೆಗೆದು ಪಳಗಿದ ಕೈ. ನಾಯಕನ ಅಜ್ಜ ಸಾಯುವ ದೃಶ್ಯ ಪ್ರಸಾರವಾದಾಗ ಹೆಣದ ಮೇಲೆ ಗುಲಾಬಿ ದಳಗಳು ಉದುರಿದವು, ನಾಲ್ಕು ಮೂಲೆಯಲ್ಲಿ ನಾಲ್ಕು ಹೃದಯ ಮಿನುಗಿದವು!

“ಲೇ ರಫೀಕ, ಮುದುಕ ಸತ್ತಾನೋ! ಲಗ್ನ ಆಗಿಲ್ಲ!”

“ಹೂವು ಎರಡಕ್ಕೂ ಬೀಳ್ತಾವಲ್ರಿ ಅಕ್ಕಾರ.”

ಚಿಗವ್ವ ಕ್ಷಣ ಯೋಚಿಸಿದಳು. “ಹೂವು ಇರಲಿ. ಆ ಹೃದಯ ತಗಿ.”

ಇಂಥ ಧಾರಾವಾಹಿಯ ಸುದ್ದಿ ಬೆಂಗಳೂರಿನ ದೊಡ್ಡ ವಾಹಿನಿಯೊಂದಕ್ಕೆ ಹೇಗೆ ಮುಟ್ಟಿತೋ! ‘ಒಂದು ಹೊಸ ಕಂತು ಕಳಿಸಿ, ಹಿಡಿಸಿದರೆ ಇಡೀ ಧಾರಾವಾಹಿ ನಮ್ಮದು’ ಎಂದು ಫೋನ್ ಬಂತು. ಕ್ಯಾಸೆಟ್ ಮರುದಿನ ಸಂಜೆಯ ಬಸ್ಸಿಗೆ ಹೋಗಲೇಬೇಕು. ಚಿಗವ್ವ ನಾಯಕಿಯ ಕುಬಸದ ಕಂತನ್ನೇ ಆರಿಸಿದಳು. ಬಸುರಿಗೆ ಹಸಿರು ಸೀರೆ ಉಡಿಸಿ, ಮುತ್ತೈದೆಯರು ಉಡಿ ತುಂಬುವ ದೃಶ್ಯ.

ಶಿಗ್ಲಿಯ ಒಂದು ಮನೆಯ ಪಡಸಾಲೆಯಲ್ಲಿ ಚಿತ್ರೀಕರಣ. ಓಣಿಯ ಹೆಣ್ಣುಮಕ್ಕಳೇ ಮುತ್ತೈದೆಯರು. ನಾಯಕಿ ಶಿರಹಟ್ಟಿಯಲ್ಲಿ ಶಾಲಾ ಶಿಕ್ಷಕಿ. ಮುಖದ ದೃಶ್ಯಗಳನ್ನಷ್ಟೇ ಮುಗಿಸಿ, ಪರೀಕ್ಷೆ ನಡೆಸಬೇಕೆಂದು ಸೀರೆ ಬದಲಿಸಿ ಓಡಿಹೋದಳು. ಉಳಿದದ್ದು ಉಡಿ ತುಂಬುವುದು ಮಾತ್ರ. ಅದಕ್ಕೆ ಮುಖ ಬೇಕಿಲ್ಲ, ಮಡಿಲೊಂದು ಸಾಕು. ಚಿಗವ್ವ ನನ್ನತ್ತ ತಿರುಗಿದಳು.

“ಲಗ್ನ ಆಗಲಾರದ ಹುಡುಗಿಗೆ ಕುಬಸೇನವ್ವಾ!” ಎಂದು ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ಬದುಕಿಕೊಂಡೆ.

“ಆತು, ನಂದೂ ಉಡಿ ಐತಿ,” ಎಂದು ಚಿಗವ್ವ ಹಸಿರು ಸೀರೆ ಸುತ್ತಿಕೊಂಡು ಮಣೆಯ ಮೇಲೆ ಕುಳಿತುಬಿಟ್ಟಳು.

ನಗು ನಿಂತಿತು.

ಚಿಗವ್ವನ ಗಂಡ ಮದುವೆಯಾದ ಮರುವರ್ಷವೇ ತೀರಿಕೊಂಡಿದ್ದರು. ಅಂದಿನಿಂದ ಅವಳು ತೊಡುತ್ತಿದ್ದದ್ದು ಬಿಳಿ ಕುಬಸ ಮಾತ್ರ. ಮನೆಯಲ್ಲಿ ಯಾರಿಗಾದರೂ ಉಡಿ ತುಂಬುವಾಗ ಅವಳು ಒಳಗೆ ಒಲೆಯ ಮುಂದಿರುತ್ತಿದ್ದಳು. ಹೋಗು ಎಂದು ಯಾರೂ ಹೇಳಿದ್ದಿಲ್ಲ. ಹೇಳುವ ಮುಂಚೆಯೇ ಎದ್ದು ಹೋಗುತ್ತಿದ್ದಳು.

“ನಾಟಕ ಐತ್ರಿ ಇದು, ಖರೆ ಅಲ್ಲ,” ಎಂದಳು ಚಿಗವ್ವ. ಸ್ವರ ಎಂದಿನಂತೆಯೇ ಜೋರಾಗಿತ್ತು. “ಕಾಯಿ ಹಾಕ್ರಿ. ಆಮ್ಯಾಲ ವಾಪಸ್ ಕೊಡ್ತೀನಿ. ಜಲ್ದಿ, ಬಸ್ ಐತಿ.”

ಆ ಮನೆಯ ಹಿರಿಯಾಕೆ ಗೌರವ್ವ ನಮ್ಮ ಕಾಯಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು.

“ಇದಕ್ಕೇನ ಬರದೀರಿ?”

“ಒಡೆಯಬಾರದು ಅಂತ, ಆಯಿ,” ಎಂದೆ ನಾನು.

“ಒಡಿಯಲಾರದ ಕಾಯಿ ಯಾತಕ್ಕ ಬಂತವ್ವ!”

ಅದನ್ನು ಬದಿಗಿಟ್ಟು ಒಳಗೆ ಹೋದಳು. ಕಂತು ಮುಗಿಯಿತು ಎಂದುಕೊಂಡೆ. ಹೊರಬಂದಾಗ ಅವಳ ಮೊರದಲ್ಲಿ ಅಕ್ಕಿ, ಉತ್ತತ್ತಿ, ಅರಿಶಿನದ ಕೊಂಬು, ನೀರು ತುಳುಕುವ ಹೊಸ ಕಾಯಿ, ಕುಬಸ ಹೊಲಿಸಲೆಂದು ಮಡಿಕೆ ಬಿಚ್ಚದ ಹಸಿರು ಖಣ ಇದ್ದವು. ಗೌರವ್ವ ಮಂಡಿಯೂರಿ ಒಂದೊಂದನ್ನೇ ಚಿಗವ್ವನ ಸೆರಗಿಗೆ ಹಾಕಿದಳು. ಅವಳ ಹಿಂದೆ ಉಳಿದವರೂ ಸಾಲಾಗಿ ಬಂದರು.

ಚಿಗವ್ವ ‘ಕಟ್’ ಅನ್ನಲಿಲ್ಲ. ಒಂದು ಅಕ್ಕಿಕಾಳೂ ಕೆಳಗೆ ಬೀಳದಂತೆ ಎರಡೂ ಕೈಯಿಂದ ಸೆರಗನ್ನು ಒಟ್ಟುಮಾಡಿ ಹಿಡಿದಿದ್ದಳು. ಕೊನೆಗೆ ರಫೀಕನೇ ಮೆಲ್ಲಗೆ, “ಬಂದ್ ಮಾಡ್ಲೇನ್ರಿ ಅಕ್ಕಾರ?” ಎಂದ.

ಅವಳು ಉಡಿಯ ಸಾಮಾನು ಹಿಂದಿರುಗಿಸಲು ಹೋದಳು. ಗೌರವ್ವ ಮೊರ ಹಿಂದಕ್ಕೆ ಸರಿಸಿದಳು.

“ತುಂಬಿದ ಉಡಿ ಹೊಳ್ಳಿ ತಗೋತಾರೇನ? ಮನಿಗಿ ಒಯ್ಯಿ, ತಂಗಿ.”

ಕ್ಯಾಸೆಟ್ ಬಸ್ಸು ಹತ್ತಿತು. ವಾರದೊಳಗೆ ಬೆಂಗಳೂರಿನ ಫೋನ್ ಬಂತು. ಧಾರಾವಾಹಿ ಪಾಸು! ಮುಂಡರಗಿಯ ನಾಯಕ ಖುಷಿಯಲ್ಲಿ ಬಸ್ಸಿನೊಳಗೆ ಸೀಟಿ ಊದಿದ್ದಕ್ಕೆ ಚಾಲಕ ನಡುದಾರಿಯಲ್ಲಿ ಗಾಡಿ ನಿಲ್ಲಿಸಿದನಂತೆ. ರಫೀಕ್ ಪೇಡೆ ಹಂಚಿದ. ವಾಹಿನಿಯವರು ಇನ್ನೊಂದು ಮಾತು ಕೇಳಿದ್ದರು: “ಉಡಿಯ ದೃಶ್ಯದಲ್ಲಿ ಆ ಕೈಗಳು... ಆ ನಟಿ ಯಾರು ಮೇಡಂ?”

“ಹೊಸಬ್ರು ಅದಾರ್ರಿ,” ಎಂದಿದ್ದಳು ಚಿಗವ್ವ. “ಕರದ್ರ ಬರ್ತಾರ.”

ಮರುದಿನ ಬೆಳಿಗ್ಗೆ ನಾನು ಹಾಲು ತರಲು ಹೋದಾಗ ಅವಳು ಬೆಟಗೇರಿಯ ದರ್ಜಿಯ ಅಂಗಡಿಯ ಮುಂದೆ ನಿಂತಿದ್ದಳು. ಬಾಗಿಲು ಇನ್ನೂ ತೆರೆದಿರಲಿಲ್ಲ. ದರ್ಜಿ ಬಂದು ಬೀಗ ತೆಗೆಯುತ್ತ, “ಅಳತಿ ಯಾರದ್ರಿ?” ಎಂದು ಕೇಳಿದ.

“ನಂದ,” ಎನ್ನುತ್ತ ಚಿಗವ್ವ ಹಸಿರು ಖಣವನ್ನು ಅವನ ಕೈಗಿಟ್ಟಳು. “ತೋಳಿಗೆ ಅಂಚು ಬರೋಹಂಗ ಹೊಲೀರಿ.”