ಯುರೋಪಿನ ಗನ್ನೂ ನಮ್ಮತ್ತೆಯ ಬೆಣ್ಣೆಯೂ

ಅರ್ಥಶಾಸ್ತ್ರ ಪಾಠ ಮಾಡುವವರಿಗೆ ಒಂದು ದೊಡ್ಡ ಸೌಕರ್ಯವಿದೆ. ತಾವು ಹೇಳಿಕೊಡುವ ಸಂಗತಿ ಯಾವತ್ತೂ ತಮ್ಮ ಮನೆ ಬಾಗಿಲಿಗೆ ಬರುವುದಿಲ್ಲ ಎಂಬ ಧೈರ್ಯದಲ್ಲಿ ನೆಮ್ಮದಿಯಾಗಿ ಇದ್ದುಬಿಡಬಹುದು. ವಿಜ್ಞಾನದ ಮೇಷ್ಟ್ರಿಗೆ ಈ ಭಾಗ್ಯವಿಲ್ಲ. ಮನೆಯಲ್ಲಿ ಫ್ಯೂಸ್ ಹೋದರೆ ಎಲ್ಲರೂ ಅವರ ಮುಖ ನೋಡುತ್ತಾರೆ. ಆದರೆ ಬೆಲೆ ಏರಿತೆಂದು ಯಾರೂ ನನ್ನನ್ನು ಕರೆದು, "ಸ್ವಲ್ಪ ಇಳಿಸಿ ಕೊಡಿ ಮೇಡಂ" ಎಂದು ಇವತ್ತಿನವರೆಗೆ ಕೇಳಿಲ್ಲ. ಶಿರಾಳಕೊಪ್ಪದ ಒಂದು ಪಿಯು ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ನಾನು ಕಪ್ಪು ಹಲಗೆಯ ಮೇಲೆ ಅದೇ ಒಂದು ಬಾಗಿದ ಗೆರೆ ಎಳೆಯುತ್ತಿದ್ದೇನೆ. ಒಂದು ಕಡೆ 'ಗನ್ನು' ಅಂತ ಬರೆಯುತ್ತೇನೆ, ಇನ್ನೊಂದು ಕಡೆ 'ಬೆಣ್ಣೆ' ಅಂತ. ದೇಶದ ಹತ್ತಿರ ಇರುವ ಜನ, ಕಬ್ಬಿಣ, ದುಡ್ಡು ಎಲ್ಲವೂ ಇಷ್ಟೇ ಇಷ್ಟು. ಗನ್ನು ಹೆಚ್ಚು ಮಾಡಿದರೆ ಬೆಣ್ಣೆ ಕಮ್ಮಿಯಾಗುತ್ತದೆ ಎಂದು ಹೇಳಿ ಕೈಗೆ ಹತ್ತಿದ ಸೀಮೆಸುಣ್ಣ ಕೊಡವಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ, ಈ ಹದಿನೆಂಟು ವರ್ಷದಲ್ಲಿ ನಾನು ಗನ್ನನ್ನು ಮುಟ್ಟಿರಲಿಲ್ಲ. ಅದು ಹೋಗಲಿ, ಮನೆಯಲ್ಲೇ ಎಮ್ಮೆ ಇದ್ದರೂ ಒಂದು ದಿನ ಮೊಸರು ಕಡೆದು ಬೆಣ್ಣೆ ತೆಗೆದವಳೂ ಅಲ್ಲ.

ಬೆಣ್ಣೆ ತೆಗೆಯುವವರು ನಮ್ಮತ್ತೆ, ಗಂಗಮ್ಮ. ಸೊರಬದ ಕಡೆಯವರು, ಕ್ಯಾಸನೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಹುಟ್ಟಿ ನಾಲ್ಕನೇ ಕ್ಲಾಸು ಮುಗಿಸಿ ನಮ್ಮೂರಿಗೆ ಸೊಸೆಯಾಗಿ ಬಂದವರು. ನಮ್ಮದು ಶಿರಾಳಕೊಪ್ಪದಿಂದ ಸೊರಬಕ್ಕೆ ಹೋಗುವ ರಸ್ತೆಯಲ್ಲಿ, ಬಸ್ಸು ನಿಲ್ಲಿಸಿದರೆ ಮಾತ್ರ ಇದೆ ಎಂದು ಗೊತ್ತಾಗುವ ಊರು. ಮನೆ, ಮನೆ ಹಿಂದೆ ಕೊಟ್ಟಿಗೆ, ಕೊಟ್ಟಿಗೆಯ ಹಿಂದೆ ಎರಡೆಕರೆ ಮೆಕ್ಕೆಜೋಳ. ಕೊಟ್ಟಿಗೆಯಲ್ಲಿ ಸಾವಂತ್ರಿ ಎಂಬ ಎಮ್ಮೆ. ನಾನು ಮದುವೆಯಾಗಿ ಬಂದಾಗ ಬರೀ ಬಿ.ಎ. ಆಗಿದ್ದೆ. "ಮುಂದೆ ಓದ್ತೀಯನೆ?" ಎಂದು ಅತ್ತೆ ಕೇಳಿದರು. ಓದುತ್ತೇನೆ ಎಂದೆ. ಅಂಚೆಯಲ್ಲಿ ಎಂ.ಎ. ಕಟ್ಟಿಸಿದರು. ಆ ಎರಡು ವರ್ಷದ ಫೀಸು, ಪುಸ್ತಕ, ಪರೀಕ್ಷೆಗೆ ಹೋಗಿ ಬರುವ ಬಸ್ಸಿನ ಖರ್ಚು ಎಲ್ಲವೂ ಸಂತೆಯ ದಿನ ಅವರು ಬಾಳೆಲೆಯಲ್ಲಿ ಸುತ್ತಿ ಒಯ್ಯುತ್ತಿದ್ದ ಬೆಣ್ಣೆಯಿಂದ ಹುಟ್ಟಿದ್ದು. ಆಗ ಇದ್ದದ್ದು ಸಾವಂತ್ರಿಯ ಅಜ್ಜಿ. ಆದ್ದರಿಂದ ನಮ್ಮ ಮನೆಯಲ್ಲಿ ಆ ಎಮ್ಮೆ ವಂಶಕ್ಕೆ ನನಗಿಂತ ಒಂದು ಕೈ ಜಾಸ್ತಿಯೇ ಮರ್ಯಾದೆ.

ಈ ವರ್ಷ ಸ್ಟಾಫ್ ರೂಮಿನಲ್ಲಿ ನನ್ನ ಬಾಯಿ ಸ್ವಲ್ಪ ಜಾಸ್ತಿಯಾಯಿತು. ಪೇಪರಿನಲ್ಲಿ ಯುರೋಪಿನ ದೇಶಗಳು ಸೈನ್ಯಕ್ಕೆ ಸುರಿಯುತ್ತಿರುವ ಖರ್ಚಿನ ಸುದ್ದಿ ಬಂದಿತ್ತು. "ಇದರ ಆರ್ಥಿಕ ಪರಿಣಾಮದ ಬಗ್ಗೆಯೇ ಒಂದು ಗಂಟೆ ಮಾತಾಡಬಹುದು" ಎಂದೆ. ಪ್ರಾಂಶುಪಾಲರು ಟೀ ಲೋಟ ಕೆಳಗಿಟ್ಟು, "ಮಾತಾಡ್ರಿ ಹಂಗಾರೆ, ತಿಂಗಳ ಕೊನೇ ಶನಿವಾರ. ಪೋಷಕರನ್ನೂ ಕರಿಯೋಣ" ಎಂದುಬಿಟ್ಟರು. ಒಂದು ಗಂಟೆ ಎಂದರೆ ಎಷ್ಟು ಉದ್ದವೆಂದು ಅದನ್ನು ತುಂಬಬೇಕಾದವರಿಗೇ ಗೊತ್ತು. ನಾನು ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ಅತ್ತೆಯ ಎದುರು ಭಾಷಣ ತಾಲೀಮು ಮಾಡತೊಡಗಿದೆ. ಅವರು ಕಡಗೋಲು ತಿರುಗಿಸುತ್ತ ಕೇಳುತ್ತಿದ್ದರು.

"ಅಲ್ಲಿ ಬಹಳ ವರ್ಷ ಯುದ್ಧದ ಹೆದರಿಕೆ ಇರಲಿಲ್ಲ ಅತ್ತೆ. ಸೈನ್ಯಕ್ಕೆ ಕಮ್ಮಿ ಹಾಕಿ ಆಸ್ಪತ್ರೆಗೆ, ಪಿಂಚಣಿಗೆ, ಶಾಲೆಗೆ ಹಾಕಿದ್ರು. ಈಗ ಪಕ್ಕದಲ್ಲೇ ಯುದ್ಧ ನಡೀತಿದೆ. ಇಷ್ಟು ದಿನ ಕಾವಲಿಗಿದ್ದ ದೂರದ ದೊಡ್ಡ ದೇಶ, ನಿಮ್ಮ ಮನೆ ನೀವೇ ನೋಡ್ಕೊಳ್ಳಿ ಅಂತಿದೆ. ಅದಕ್ಕೇ ಎಲ್ಲರೂ ಟ್ಯಾಂಕು, ಡ್ರೋನು ಅಂತ ಎದ್ದುಬಿಟ್ಟಿದ್ದಾರೆ."

"ದುಡ್ಡು ಎಲ್ಲಿಂದ ತಂದ್ರನೆ?"

"ಕೆಲವರು ಸಾಲ ಮಾಡಿ, ಕೆಲವರು ಬೇರೆ ಖರ್ಚು ಕಡಿದು."

"ಜನಕ್ಕೆ ಕೆಲಸ ಆದ್ರೂ ಸಿಕ್ತನೆ?"

"ಸಿಕ್ಕಿದೆ. ವ್ಯಾಪಾರ ಬಿದ್ದುಹೋಗಿದ್ದ ಕಾರಿನ ಕಾರ್ಖಾನೆಗಳಲ್ಲಿ ಕೆಲವು ಈಗ ಸೈನ್ಯದ ಸಾಮಾನು ಮಾಡಲು ಹೊರಟಿವೆ. ಆದರೆ ಹೊರಗಿನಿಂದ ಕೊಂಡರೆ ದುಡ್ಡು ಹೊರಗೇ ಹೋಗುತ್ತೆ."

ಅತ್ತೆ ಬೆಣ್ಣೆ ಕೂಡಿ ಬಂತೋ ಎಂದು ಬಗ್ಗಿ ನೋಡಿ ಹೇಳಿದರು: "ಕೆಲಸ ಸಿಕ್ಕಿದ್ದು ಒಳ್ಳೇದೇ ಆಯ್ತು. ಆದ್ರೆ ಎಮ್ಮೆ ತಗಂಡ್ರೆ ನಾಳೆ ಕರು ಹಾಕ್ತದೆ. ಗನ್ನು ತಗಂಡ್ರೆ ಅದು ಎಂತ ಹಾಕ್ತದೆ ಮಾರಾಯ್ತಿ?"

ನಾನು ಬೆಚ್ಚಿಬಿದ್ದೆ. ದಪ್ಪ ಪುಸ್ತಕಗಳು ಒಂದು ಅಧ್ಯಾಯ ತೆಗೆದುಕೊಂಡು ಹೇಳುವ ಮಾತು ಅದು. ಕಾರ್ಖಾನೆ ಕಟ್ಟಿದರೆ, ರಸ್ತೆ ಮಾಡಿದರೆ ಅದು ಮುಂದೆಯೂ ದುಡಿಯುತ್ತದೆ. ಟ್ಯಾಂಕು ಉಗ್ರಾಣದಲ್ಲಿ ಕೂತು ವಯಸ್ಸಾಗುತ್ತದೆ. ಕೂಡಲೇ ನೋಟ್ಸಿನಲ್ಲಿ ಬರೆದುಕೊಂಡೆ, ನನ್ನದೇ ಮಾತೆಂಬಂತೆ.

ಅಷ್ಟರಲ್ಲಿ ಮಂಗಗಳು ಬಂದವು. ಮೆಕ್ಕೆಜೋಳದ ತೆನೆ ಹಾಲುಗಾಳು ಕಟ್ಟುವುದನ್ನೇ ಕಾಯುತ್ತಿದ್ದವರ ಹಾಗೆ ಒಂದು ದೊಡ್ಡ ಹಿಂಡು ನಮ್ಮ ಸಾಲಿನ ನಾಲ್ಕು ಹೊಲಗಳ ಮೇಲೆ ಬಿತ್ತು. ಪಕ್ಕದ ಹೊಲದ ಬಸವರಾಜಪ್ಪ ಅವತ್ತೇ ಶಿರಾಳಕೊಪ್ಪಕ್ಕೆ ಹೋಗಿ ಮಂಗ ಓಡಿಸುವ ಗನ್ನು ತಂದರು. ಪ್ಲಾಸ್ಟಿಕ್ ಪೈಪಿನದು; ಗುಂಡು ಗಿಂಡು ಏನಿಲ್ಲ, ಬರೀ ಸದ್ದು. ಒತ್ತಿದರೆ ಢಂ ಎಂದು ಎದೆ ನಡುಗುತ್ತದೆ. ಅವರ ಹೊಲದ ಮಂಗಗಳೆಲ್ಲ ಶಿಸ್ತಾಗಿ ನಮ್ಮ ಹೊಲಕ್ಕೆ ಬಂದು ಕೂತವು. ಬಸವರಾಜಪ್ಪ ಬದುವಿನ ಮೇಲೆ ನಿಂತು, "ಏನ್ರೀ ಮೇಡಂ, ಎಂಥಾ ಸೌಂಡ್ ಐತಿ ನೋಡ್ರಿ!" ಎಂದರು.

"ನಮಗೆ ಗನ್ನು ಬೇಡ ಕಣೆ. ಮೊದ್ಲೆಲ್ಲ ಮುಯ್ಯಾಳಲ್ಲಿ ಕಾಯ್ತಿದ್ವಿ. ಇವತ್ತು ನಾವು ನಿಮ್ಮದಕ್ಕೆ, ನಾಳೆ ನೀವು ನಮ್ಮದಕ್ಕೆ. ಒಂದು ತಗಡು ಡಬ್ಬ ಸಾಕು" ಎಂದರು ಅತ್ತೆ. ಅವರ ತವರಿನ ಕಡೆ ಮಂಗ ಸತ್ತು ಬಿದ್ದರೆ ಊರಿಗೆ ಊರೇ ಹೆದರುತ್ತದೆ, ಮಂಗನ ಕಾಯಿಲೆ ಬಂತೇನೋ ಎಂದು. ಹಾಗಾಗಿ ಮಂಗಗಳ ಜೊತೆ ಅವರದು ದೂರದಿಂದಲೇ ಗೌರವ ಕೊಟ್ಟು ನಡೆಯುವ ಸಂಬಂಧ. ನಾನು ಎಂ.ಎ. ಓದಿದವಳು, ಕೇಳುತ್ತೇನೆಯೇ? ಎದುರಿನವರು ಬಲ ಹೆಚ್ಚಿಸಿಕೊಂಡಾಗ ನಾವು ಸುಮ್ಮನೆ ಕೂತರೆ ಏನಾಗುತ್ತದೆ ಎಂದು ಕಾಲು ಗಂಟೆ ವಿವರಿಸಿದೆ. ಸೊರಬದಲ್ಲಿ ಲೈನ್‌ಮನ್ ಆಗಿರುವ ನಮ್ಮವರು, "ಇಬ್ಬರು ಹೇಳೋದೂ ಸರಿ ಇದೆ" ಎಂದು ಬೈಕ್ ಹತ್ತಿದರು. ಇಪ್ಪತ್ತೊಂದು ವರ್ಷದಿಂದ ಅವರು ಈ ಒಂದೇ ಮಾತಿನಲ್ಲಿ ಸಂಸಾರ ಮಾಡಿದ್ದಾರೆ.

ಗನ್ನು ಮಾಡುವವರು ಪೈಪಿನ ಅಂಗಡಿಯ ರಫೀಕ್ ಸಾಬ್ರು. ನಮ್ಮ ಬಚ್ಚಲಿನ ನಲ್ಲಿ ಸೋರುತ್ತಿದೆ ಎಂದು ನಾನು ಅವರಿಗೆ ಹೇಳಿ ಆಗಲೇ ಒಂದು ತಿಂಗಳಾಗಿತ್ತು. ಅಂಗಡಿ ತುಂಬ ಜನ. "ನಲ್ಲಿಗೆ ಪುರಸೊತ್ತಿಲ್ಲ ಮೇಡಂ, ಇಬ್ರು ಕೆಲಸಗಾರರೂ ಗನ್ನಿಗೇ ಕೂತಾರೆ. ಮಂಗ ಬಂದ ಮೇಲೆ ನಮಗೆ ಮದುವೆ ಸೀಜನ್ನು ಬಂದಂಗೆ ಆಗೇತಿ" ಎಂದು ನಕ್ಕರು. ನೋಡಿ, ಮಿಲಿಟರಿ ಖರ್ಚಿನ ಎಲ್ಲ ಪರಿಣಾಮಗಳೂ ಆ ಒಂದು ಅಂಗಡಿಯಲ್ಲೇ ಕಣ್ಣೆದುರು ನಿಂತಿದ್ದವು. ವ್ಯಾಪಾರ ಬೆಳೆದಿತ್ತು, ಕೈಗಳಿಗೆ ಕೆಲಸ ಸಿಕ್ಕಿತ್ತು, ಪೈಪಿನ ರೇಟು ಏರಿತ್ತು, ಊರಿನ ನಲ್ಲಿಗಳು ಸೋರುತ್ತಿದ್ದವು. ನನಗೆ ಒಂದೂ ಕಾಣಲಿಲ್ಲ. ಬಸವರಾಜಪ್ಪನ ಹತ್ತಿರ ಒಂದು ಇದೆಯೆಂದು ನಾನು ಎರಡು ತಂದೆ. ಮರುದಿನ ಅವರು ಇನ್ನೂ ಉದ್ದದ್ದು ತಂದರು. ಆಚೆಯ ಎರಡು ಹೊಲದವರೂ ತಂದರು. ಮಂಗಗಳು ಮಾತ್ರ ನಾಲ್ಕು ಹೊಲಗಳನ್ನು ಸುತ್ತುತ್ತ, ಸದ್ದು ಎಲ್ಲಿಲ್ಲವೋ ಅಲ್ಲಿ ಊಟಕ್ಕೆ ಕೂರುತ್ತಿದ್ದವು.

ನಾನು ಗನ್ನು ಹೊಡೆದದ್ದು ಕೊಟ್ಟಿಗೆಯ ಪಕ್ಕದಿಂದ. ಮೊದಲ ಸಂಜೆಯೇ ಸಾವಂತ್ರಿ ಹಾಲು ಇಳಿಸಲಿಲ್ಲ. ಅತ್ತೆ ಕರು ಬಿಟ್ಟು ನೋಡಿದರು, ಹಿಂಡಿ ಇಟ್ಟು ನೋಡಿದರು, ಮೈ ಸವರಿ ಮಾತಾಡಿಸಿದರು. ಅದು ಕಿವಿ ನಿಗುರಿಸಿ, ಕಣ್ಣು ಬಿಳಿ ಮಾಡಿ, ನಾನಿದ್ದ ದಿಕ್ಕನ್ನೇ ನೋಡುತ್ತ ನಿಂತಿತ್ತು. ಎರಡನೇ ದಿನ ಒಂದು ಲೋಟ. ಮೂರನೇ ದಿನ ಚೊಂಬಿನ ತಳ ಮುಚ್ಚುವಷ್ಟೂ ಇಲ್ಲ. ಹೀಗೇ ಹೋದರೆ ಈ ಸಲದ ಹಾಲು ಬತ್ತಿಯೇ ಹೋಗುತ್ತದೆ, ಮತ್ತೆ ಕರು ಹಾಕುವವರೆಗೆ ಅತ್ತೆ ಸಂತೆಗೆ ಒಯ್ಯಲು ಏನೂ ಇರುವುದಿಲ್ಲ. ಇಷ್ಟು ವರ್ಷದಲ್ಲಿ ಅವರು ಬರಿಗೈಯಲ್ಲಿ ಸಂತೆಗೆ ಹೋದದ್ದನ್ನು ನಾನು ಕಂಡಿರಲಿಲ್ಲ. ಖಾಲಿ ಚೊಂಬು ಹಿಡಿದು ಕೊಟ್ಟಿಗೆಯಿಂದ ಹೊರಗೆ ಬಂದವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ನಿನ್ನ ಪುಸ್ತಕದಲ್ಲಿ ಬರ್ದಿದ್ದು ಸರಿಯಾಗೇ ಉಂಟಲ್ಲನೆ ಸುಮಾ. ಗನ್ನು ಹೆಚ್ಚಾದ್ರೆ ಬೆಣ್ಣೆ ಕಮ್ಮಿ" ಎಂದರು.

ಹದಿನೆಂಟು ವರ್ಷದಿಂದ ನಾನು ಎಳೆದ ಗೆರೆ ಕೊನೆಗೂ ನಮ್ಮ ಕೊಟ್ಟಿಗೆಯಲ್ಲಿ ಸಾಬೀತಾಗಿತ್ತು. ನನಗೆ ಅಳು ಬಂತು. ಒಳಗೆ ಹೋಗಿ ಎರಡೂ ಗನ್ನುಗಳನ್ನು ಅಟ್ಟಕ್ಕೆ ಎಸೆದೆ.

ಮರುದಿನ ಬೆಳಿಗ್ಗೆ ಅತ್ತೆ ತಲೆಗೆ ಟವೆಲ್ಲು ಸುತ್ತಿ, ಒಂದು ಎಣ್ಣೆ ಡಬ್ಬ ಹಿಡಿದು ಹೊರಟರು. ನಮ್ಮ ಹೊಲಕ್ಕಲ್ಲ, ಸೀದಾ ಬಸವರಾಜಪ್ಪನ ಹೊಲಕ್ಕೆ! ಯಾರನ್ನೂ ಕೇಳಲಿಲ್ಲ. ಅವರ ಹೊಲದ ನಡುವೆ ಕೂತು ಇಡೀ ದಿನ ಡಬ್ಬ ಬಡಿದು ಮಂಗ ಓಡಿಸಿದರು. ಸಂಜೆ ಬಸವರಾಜಪ್ಪ ಬಂದು ಕೈ ಕೈ ಹಿಸುಕಿಕೊಂಡರು. "ಇದ್ಯಾಕ್ರೀ ಗಂಗಕ್ಕ, ಹೇಳಲಿಲ್ಲ ಕೇಳಲಿಲ್ಲ..." ಅತ್ತೆ, "ಇರ್ಲಿ ಬಿಡಪ್ಪ, ಪಕ್ಕದ ಹೊಲ" ಎಂದಷ್ಟೇ ಹೇಳಿ ಬಂದುಬಿಟ್ಟರು.

ನಮ್ಮ ಕಡೆಯವರಿಗೆ ಇದರ ಅರ್ಥ ಗೊತ್ತು. ನಿಮ್ಮ ಹೊಲದಲ್ಲಿ ಒಬ್ಬರು ಒಂದು ದಿನ ದುಡಿದರೆ ನೀವು ಅವರ ಹೊಲದಲ್ಲಿ ಒಂದು ದಿನ ದುಡಿಯಲೇಬೇಕು. ಕೂಲಿ ಕೊಡುತ್ತೇನೆ ಎಂದರೆ ಅವಮಾನ, ಸುಮ್ಮನಿದ್ದರೆ ಊರು ಆಡಿಕೊಳ್ಳುತ್ತದೆ. ಎಪ್ಪತ್ತು ದಾಟಿದ ಹೆಂಗಸಿನ ಮುಯ್ಯಿ ತೀರಿಸದೆ ಬಸವರಾಜಪ್ಪ ಟೀ ಅಂಗಡಿಗೆ ಹೋಗುವುದು ಹೇಗೆ? ಮರುದಿನ ಅವರು ನಮ್ಮ ಹೊಲದಲ್ಲಿದ್ದರು, ಗನ್ನಿಲ್ಲದೆ. ಅತ್ತೆ ಅವತ್ತು ಮೂರನೆಯವರ ಹೊಲದಲ್ಲಿದ್ದರು, ಅದರ ಮರುದಿನ ನಾಲ್ಕನೆಯವರದರಲ್ಲಿ. ವಾರ ಮುಗಿಯುವಷ್ಟರಲ್ಲಿ ನಾಲ್ಕು ಮನೆಯವರೂ ಸರದಿಯ ಮೇಲೆ ನಾಲ್ಕೂ ಹೊಲ ಕಾಯುತ್ತಿದ್ದರು. ಗನ್ನು ಬೇಡವೇ ಬೇಡ ಎಂದೇನೂ ಅತ್ತೆ ಹಟ ಹಿಡಿಯಲಿಲ್ಲ. ಎಲ್ಲರದೂ ಸೇರಿ ಒಂದೇ ಒಂದು ಸಾಕು, ಅದು ಕೊಟ್ಟಿಗೆಗಳಿಂದ ದೂರ, ಕೆರೆ ಏರಿಯ ಕಡೆ ಇರಲಿ ಎಂದರು. ಮೊದಲ ಹೊಲದವರೆಗೂ ಬಾರದೆ ಮಂಗಗಳು ಏರಿಯಿಂದಲೇ ತಿರುಗಿ ಹೋಗತೊಡಗಿದವು. ರಫೀಕ್ ಸಾಬ್ರು ಬಂದು ನಮ್ಮ ನಲ್ಲಿ ಸರಿ ಮಾಡಿದರು. ಎಂಟನೇ ದಿನ ಸಾವಂತ್ರಿ ಚೊಂಬು ತುಂಬಿಸಿತು. ನಾನು ನಮ್ಮತ್ತೆಯನ್ನು ಅದುವರೆಗೆ ಒಳ್ಳೆಯವರು ಎಂದುಕೊಂಡಿದ್ದೆ. ಇಷ್ಟು ಬುದ್ಧಿವಂತರು ಎಂದು ತಿಳಿದದ್ದು ಆಗಲೇ.

"ಆ ಯುರೋಪಿನವರೂ ಮುಯ್ಯಿ ಮಾಡ್ಬಹುದಿತ್ತಲ್ಲನೆ?" ಎಂದು ಕಡೆಯುತ್ತ ಕೇಳಿದರು.

"ಮಾತು ನಡೀತಾನೇ ಇದೆ ಅತ್ತೆ. ಎಲ್ಲರೂ ಸೇರಿ ಗನ್ನು ಕೊಂಡರೆ ಅಗ್ಗ, ಒಬ್ಬರದು ಇನ್ನೊಬ್ಬರಿಗೆ ಹೊಂದುತ್ತೆ. ಆದರೆ ಒಂದೊಂದು ದೇಶಕ್ಕೂ ಕಾರ್ಖಾನೆ ತನ್ನ ಊರಲ್ಲೇ ಇರಬೇಕು ಅಂತ."

"ಅವರವರ ರಫೀಕ್ ಸಾಬ್ರು ಬದುಕ್ಬೇಕಲ್ಲ, ಪಾಪ" ಎಂದರು ಅತ್ತೆ. ಅದನ್ನೂ ಬರೆದುಕೊಂಡೆ.

ಶನಿವಾರ ಬಂತು. ಅತ್ತೆ ಸಂತೆಗೆ ಉಡುವ ಇಳಕಲ್ ಸೀರೆ ಉಟ್ಟು ಬಂದು ಕೊನೆಯ ಬೆಂಚಿನಲ್ಲಿ ಕೂತರು. ನಾನು ಯುರೋಪಿನ ಸಾಲ, ಬಡ್ಡಿ, ಉದ್ಯೋಗ, ಕಡಿತವಾಗಬಹುದಾದ ಪಿಂಚಣಿ, ಹೊಸ ತಂತ್ರಜ್ಞಾನದಿಂದ ಆಗಬಹುದಾದ ಲಾಭ ಎಲ್ಲ ಹೇಳಿದೆ. ಹೆದರಿಕೆ ನಿಜವಾದಾಗ ಕಾವಲೂ ಬೇಕಾಗುತ್ತದೆ, ಹೇಗೆ ಕಾಯುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ ಎಂದೆ. ಕೊನೆಯಲ್ಲಿ ದ್ವಿತೀಯ ಪಿಯುನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಈ ಗನ್ನೋ ಬೆಣ್ಣೆಯೋ ಅನ್ನೋದು ಪುಸ್ತಕದ ಉದಾಹರಣೆ ಅಲ್ವಾ? ನಿಜವಾಗ್ಲೂ ಯಾರಾದ್ರೂ ಹಂಗೆ ಆರಿಸಬೇಕಾಗಿ ಬಂದಿದ್ಯಾ?"

ಕೊನೆಯ ಬೆಂಚಿನತ್ತ ನೋಡಿದೆ. ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಕಿಟಕಿಯ ಹೊರಗೆ ನೋಡಿದರು, ನನ್ನ ಮಾನ ಉಳಿಸಲೆಂದು.

"ನನಗೆ ಬಂದಿತ್ತಮ್ಮ. ನಾನು ಗನ್ನು ಆರಿಸಿಕೊಂಡೆ" ಎಂದೆ. ಸಭೆಯಲ್ಲಿ ಎಲ್ಲರೂ ನಕ್ಕರು, ತಮಾಷೆ ಎಂದುಕೊಂಡು. ನನ್ನ ನೋಟ್ಸಿನಲ್ಲಿದ್ದ ಎರಡು ಬುದ್ಧಿಯ ಮಾತುಗಳು ನನ್ನವಲ್ಲ, ಅಲ್ಲಿ ಕೂತಿರುವ ನಮ್ಮತ್ತೆಯವು ಎಂದು ಹೇಳಿ ಎಮ್ಮೆಯ ಮಾತನ್ನೂ ರಫೀಕ್ ಸಾಬರ ಮಾತನ್ನೂ ಒಪ್ಪಿಸಿದೆ. ಜನ ಚಪ್ಪಾಳೆ ತಟ್ಟಿ ಹಿಂತಿರುಗಿ ನೋಡುವಷ್ಟರಲ್ಲಿ ಬೆಂಚು ಖಾಲಿ. ಹಾಲು ಕರೆಯುವ ಹೊತ್ತಾಗಿತ್ತು, ನಾಲ್ಕೂವರೆ ಬಸ್ಸಿಗೆ ಅವರು ಹೊರಟುಹೋಗಿದ್ದರು.

ಮರುದಿನ ಭಾನುವಾರ, ಹೊಲ ಕಾಯುವ ಸರದಿ ನಮ್ಮ ಮನೆಯದು. ಅತ್ತೆ ರೊಟ್ಟಿಯ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಇಟ್ಟು ತಿನ್ನಿಸಿ, ಎಣ್ಣೆ ಡಬ್ಬ ನನ್ನ ಕೈಗೆ ಕೊಟ್ಟರು. ಬಸವರಾಜಪ್ಪನ ಹೊಲದಲ್ಲಿ ಕೂತು ಡಬ್ಬ ಬಡಿದೆ, ಗಂಟಲು ಹರಿಯುವಂತೆ ಕೂಗಿದೆ. ಏರಿಯ ಮರದ ಮೇಲೆ ಮಂಗಗಳು ನನ್ನ ಹಿಂದಿನ ಬೆಂಚಿನ ಹುಡುಗರಿಗಿಂತ ಗಮನವಿಟ್ಟು ಕೇಳುತ್ತಿದ್ದವು. ಮಧ್ಯಾಹ್ನ ಬಸವರಾಜಪ್ಪ ಬದುವಿನ ಮೇಲೆ ಬಂದು ನಿಂತು ನಕ್ಕರು.

"ಏನ್ರೀ ಮೇಡಂ, ಎಂ.ಎ. ಮಾಡಿ ಮಂಗ ಕಾಯೋದಾತಲ್ರಿ!"

"ಏನು ಮಾಡೋದು ಬಸವರಾಜಪ್ಪ, ಎಂ.ಎ. ಮಾಡಿಸಿದವರೇ ಕಳಿಸಿದ್ದಾರೆ" ಎಂದು ಮತ್ತೆ ಡಬ್ಬ ಬಡಿದೆ.