ಶಾಲೆಯಲ್ಲಿ ನಾನು ಹಾಕಿಸಿದ ಪಂಕ್ತಿ

ಜನರನ್ನು ಊಟಕ್ಕೆ ಕೂರಿಸುವ ವಿದ್ಯೆಯಲ್ಲಿ ಇಡೀ ಮದರಾಸಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ವಡಪಳನಿಯ ಉಡುಪಿ ಹೋಟೆಲೊಂದರಲ್ಲಿ ನಾನಾಗ ಮ್ಯಾನೇಜರ್. ಮಧ್ಯಾಹ್ನ ಪಕ್ಕದ ಸಿನಿಮಾ ಸ್ಟುಡಿಯೋದಲ್ಲಿ ಊಟಕ್ಕೆ ಬಿಟ್ಟರೆ ಸಾಕು, ಕಿರೀಟವನ್ನು ಕಂಕುಳಲ್ಲಿಟ್ಟುಕೊಂಡ ರಾಜರು, ಅರ್ಧ ಮೀಸೆ ಕಿತ್ತುಬಂದ ರಾಕ್ಷಸರು, ಅವರ ಹಿಂದೆ ಒಂದು ದಂಡು ಸೈನಿಕರು ಒಟ್ಟಿಗೇ ನುಗ್ಗುತ್ತಿದ್ದರು. ಅಷ್ಟೂ ಜನರನ್ನು ಕೂರಿಸಿ, ಉಣ್ಣಿಸಿ, ಎಬ್ಬಿಸಿ ಕಳಿಸುತ್ತಿದ್ದವನು ನಾನು! ಅಂಥವನಿಗೆ ಹೆಣ್ಣುಮಕ್ಕಳ ಶಾಲೆಯೊಂದು ಯಾವ ಲೆಕ್ಕ?

ನಮ್ಮ ಮಗಳು ಸುಮತಿ ಆಗ ಸೆಕೆಂಡ್ ಫಾರ್ಮ್, ಎಂದರೆ ಏಳನೆಯ ತರಗತಿ. ಅವಳ ಶಾಲೆಯಲ್ಲಿ ಊಟಕ್ಕೆ ಇದ್ದದ್ದು ಒಂದೇ ಒಂದು ತಗಡಿನ ಶೆಡ್. ಡ್ರಿಲ್ಲಿಗೂ ಅದೇ ಶೆಡ್. ಒಳಗೆ ಹತ್ತಾರು ಬೆಂಚು. ಒಂದೊಂದು ಫಾರ್ಮಿನವರು ಸರದಿಯಂತೆ ಕೂತು ಉಣ್ಣಬೇಕು, ಉಳಿದವರು ಡಬ್ಬಿ ಹಿಡಿದು ಬಿಸಿಲಲ್ಲಿ ನಿಲ್ಲಬೇಕು ಎಂಬುದು ಶಾಲೆಯ ಕಾನೂನು. ಸುಮತಿಯ ಸರದಿ ಬರುವಷ್ಟರಲ್ಲಿ ಆಟದ ಬಿಡುವು ಮುಗಿದೇ ಹೋಗುತ್ತಿತ್ತು.

ಒಂದು ಸಂಜೆ ಅವಳು ಚೀಲವನ್ನು ಮೂಲೆಗೆ ಎಸೆದು ಕೂತಳು. "ಶುಕ್ರವಾರ ರಿಂಗ್ ಆಟದ ಟೀಮಿಗೆ ಸೆಲೆಕ್ಷನ್ ಅಪ್ಪಾ. ಡ್ರಿಲ್ ಟೀಚರ್ ಲಂಚ್ ಟೈಮಲ್ಲಿ ಆಡೋರನ್ನೇ ನೋಡಿ ಎತ್ಕೋತಾರೆ. ನಾನು ಕ್ಯೂನಲ್ಲೇ ನಿಂತಿರ್ತೀನಿ" ಎಂದು ಅತ್ತೇಬಿಟ್ಟಳು. ಮಗುವಿನ ಕಣ್ಣೀರು ನೋಡಿ ನನ್ನೊಳಗಿನ ಅಪ್ಪ ಎದ್ದ. ಜೊತೆಗೆ ನನ್ನೊಳಗಿನ ಮ್ಯಾನೇಜರೂ ಎದ್ದು ನಿಂತ. ಅದೇ ತಪ್ಪಾದದ್ದು.

"ನಾಳೆಯೇ ಸರಿ ಮಾಡ್ತೇನೆ" ಎಂದೆ.

ನನ್ನ ಹೆಂಡತಿ ಜಲಜ ಒಳಗಿನಿಂದಲೇ ಹೇಳಿದಳು: "ಎಂತ ಮಾರಾಯ್ರೆ, ಹೋಟೆಲಿನ ಜನ ಸಾಲದು ಅಂತ ಶಾಲೆಗೂ ಹೊರಟ್ರಾ? ಸುಮ್ಮನೆ ಕೂತ್ಕೊಳ್ಳಿ!"

ಮರುದಿನ ಇಸ್ತ್ರಿ ಮಾಡಿದ ಜುಬ್ಬ ಹಾಕಿಕೊಂಡು ಹೆಡ್‌ಮಿಸ್ಟ್ರೆಸ್ ಮುಂದೆ ಕೂತೆ. ನನ್ನ ಯೋಜನೆ ಸರಳ. ಬೆಂಚುಗಳನ್ನು ಹೊರಗೆ ಹಾಕಿ. ನೆಲಕ್ಕೆ ಚಾಪೆ ಹಾಸಿ. ನಮ್ಮೂರ ಮದುವೆಮನೆಯ ಹಾಗೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ. ಕಾಲು ಗಂಟೆಯಲ್ಲಿ ಇಡೀ ಶಾಲೆಯ ಊಟ ಮುಗಿಯದಿದ್ದರೆ ನನ್ನ ಹೆಸರು ಬದಲಾಯಿಸಿ! ಆಕೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಇದು ನಮಗೆ ಯಾಕೆ ಹೊಳೆಯಲಿಲ್ಲ!" ಎಂದರು. ಇಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತಿಗೂ ದೊಡ್ಡ ಮನುಷ್ಯ. ಆದರೆ ಪಂಕ್ತಿ ಎಂದ ಮೇಲೆ ಅದಕ್ಕೊಂದು ಶಿಸ್ತು ಬೇಡವೇ? ಅಲ್ಲೇ ಕಾಗದ ಕೇಳಿ ಮೂರು ನಿಯಮ ಬರೆದುಕೊಟ್ಟೆ. ಎಲ್ಲರೂ ಒಟ್ಟಿಗೇ ಉಣ್ಣಲು ತೊಡಗುವುದು. ಡಬ್ಬಿಯಲ್ಲಿ ಒಂದು ಅಗುಳೂ ಬಿಡಕೂಡದು. ಕೊನೆಯವರ ಊಟ ಮುಗಿಯುವವರೆಗೆ ಯಾರೂ ಏಳಕೂಡದು, ಎದ್ದರೆ ಪಂಕ್ತಿಗೇ ಅವಮಾನ.

ಬುಧವಾರ ಮುಹೂರ್ತ. ಬೆಳಿಗ್ಗೆ ನಾನೇ ಹೋಟೆಲಿನ ಅಡಿಗೆಮನೆಗೆ ಹೋಗಿ ಸುಮತಿಗೆ ನಾಲ್ಕು ಅಂತಸ್ತಿನ ಕ್ಯಾರಿಯರ್ ತುಂಬಿಸಿದೆ. ಪುಳಿಯೋಗರೆ, ಅವಿಯಲ್, ಮೊಸರನ್ನ, ಮೇಲೆ ಕಡಲೆಬೇಳೆ ಪಾಯಸ. ವ್ಯವಸ್ಥಾಪಕರ ಮಗಳು ಎರಡು ಇಡ್ಲಿ ತಿಂದು ಎದ್ದರೆ ಚೆಂದವೇ?

ಜಲಜ ಕ್ಯಾರಿಯರ್ ಎತ್ತಿ ನೋಡಿ ಹೌಹಾರಿದಳು. "ಇದೆಂತ, ದಿಬ್ಬಣಕ್ಕಾ? ಒಂದು ದೋಸೆ ತಿನ್ನಲಿಕ್ಕೆ ಮುಕ್ಕಾಲು ಗಂಟೆ ಬೇಕು ನಿಮ್ಮ ಮಗಳಿಗೆ!"

"ಪಂಕ್ತಿಯಲ್ಲಿ ಕೂತರೆ ತನ್ನಷ್ಟಕ್ಕೆ ವೇಗ ಬರ್ತದೆ" ಎಂದು ಶಾಸ್ತ್ರ ಹೇಳಿದೆ.

ಮಧ್ಯಾಹ್ನ ಶೆಡ್ಡಿನ ಬಾಗಿಲಲ್ಲಿ ನಾನು, ನನ್ನ ಪಕ್ಕದಲ್ಲಿ ಹೆಡ್‌ಮಿಸ್ಟ್ರೆಸ್. ಗಂಟೆ ಬಾರಿಸಿತು. ಇಡೀ ಶಾಲೆ ಚಾಪೆಯ ಮೇಲೆ ಸಾಲಾಗಿ ಕೂತಿತು. ನೂಕಲಿಲ್ಲ, ನುಗ್ಗಲಿಲ್ಲ! ಹತ್ತು ನಿಮಿಷಕ್ಕೆ ಮುಕ್ಕಾಲು ಜನರ ಡಬ್ಬಿ ಖಾಲಿ. ಹೆಡ್‌ಮಿಸ್ಟ್ರೆಸ್ ನನ್ನ ಕೈ ಕುಲುಕಿದರು. ಕಾಲು ಗಂಟೆಗೆ ಎಲ್ಲರದ್ದೂ ಮುಗಿಯಿತು. ಆದರೂ ಯಾರೂ ಏಳಲಿಲ್ಲ.

"ಯಾರಿಗಾಗಿ ಕಾಯ್ತಿದ್ದಾರೆ?" ಎಂದರು ಹೆಡ್‌ಮಿಸ್ಟ್ರೆಸ್.

ಕತ್ತು ಚಾಚಿ ನೋಡಿದೆ. ಮೂರನೆಯ ಸಾಲಿನಲ್ಲಿ, ನಾಲ್ಕು ಡಬ್ಬಿಗಳ ಹಿಂದೆ, ಎರಡು ಜಡೆ ಮಾತ್ರ ಕಾಣುತ್ತಿದ್ದವು. ನನ್ನದೇ ಮಗಳು! ಪುಳಿಯೋಗರೆಯಲ್ಲಿ ಕಡಲೆಕಾಯಿ ಬೀಜ ಆರಿಸಿ ಒಂದೊಂದಾಗಿ ಬಾಯಿಗಿಡುತ್ತಿದ್ದಳು.

ಶೆಡ್ಡಿನ ತುಂಬ ಎಂಜಲು ಕೈ ಎತ್ತಿ ಹಿಡಿದ ಹುಡುಗಿಯರು. ಕೈ ಒಣಗತೊಡಗಿತು. ಹೊರಗೆ ಆಟದ ಬಯಲು ಖಾಲಿ ಬಿದ್ದಿತ್ತು. ಡ್ರಿಲ್ ಟೀಚರ್ ಶೆಡ್ ತೆರವಾಗಲೆಂದು ಬಾಗಿಲಿಗೆ ಬಂದು, ಗಡಿಯಾರ ನೋಡಿ, ನನ್ನನ್ನು ನೋಡಿ, ಮತ್ತೆ ಗಡಿಯಾರ ನೋಡಿದರು. ಒಂದು ಮೂಲೆಯಿಂದ "ಶೀಕ್ಕಿರಂ! ಶೀಕ್ಕಿರಂ!" ಎಂಬ ಕೂಗೆದ್ದಿತು. ಬೇಗ, ಬೇಗ ಎಂದು ಇಡೀ ಶಾಲೆಯೇ ತಾಳ ಹಾಕಿ ಕೂಗಲಾರಂಭಿಸಿತು.

ನಾನು ಓಡಿಹೋಗಿ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತೆ. "ಮಗೂ, ಬೇಗ ನುಂಗು!"

"ಮುಡಿಯಲ ಅಪ್ಪಾ, ಆಗೋದೇ ಇಲ್ಲ!" ಅವಳ ಕಣ್ಣೀರು ಮೊಸರನ್ನಕ್ಕೆ ಬಿತ್ತು.

"ಸಾಕು, ಏಳು" ಎನ್ನಬಹುದಿತ್ತು. ಬುದ್ಧಿ ಇರುವವರು ಯಾರೇ ಆದರೂ ಅನ್ನುತ್ತಿದ್ದರು. ಆದರೆ ನಿಯಮ ಬರೆದವನೇ ಮೊದಲ ದಿನ ಮುರಿದರೆ ಮರ್ಯಾದೆ ಉಳಿಯುವುದೆಂತು? ಜುಬ್ಬದ ತೋಳು ಮಡಚಿದೆ. ಚಕ್ಕಳಮಕ್ಕಳ ಹಾಕಿ ಕೂತೆ. ಡಬ್ಬಿಗೆ ಕೈ ಹಾಕಿದೆ!

ಹೋಟೆಲಿನಲ್ಲಿ ಆಗಲೇ ಗಡದ್ದಾಗಿ ಉಂಡು ಬಂದಿದ್ದ ಮನುಷ್ಯ ನಾನು. ಪುಳಿಯೋಗರೆ ಹೇಗೋ ಇಳಿಯಿತು. ಅವಿಯಲ್ ಗಂಟಲಲ್ಲಿ ಕೂತು ವಿಚಾರ ಮಾಡಿತು. ಮೊಸರನ್ನಕ್ಕೆ ಬೆವರಿದೆ. ಪಾಯಸ ಎತ್ತುವಾಗ ಹುಡುಗಿಯರು ಸಿನಿಮಾದಲ್ಲಿ ಹೀರೋ ಬಂದಾಗಿನಂತೆ ಸಿಳ್ಳೆ ಹಾಕಿದರು. ಕೊನೆಯ ಗುಟುಕು ಇಳಿಸಿ ಡಬ್ಬಿ ಕೆಳಗಿಟ್ಟೆ. ಅದೇ ಕ್ಷಣಕ್ಕೆ ಗಂಟೆ ಬಾರಿಸಿತು. ಬಿಡುವು ಮುಗಿದಿತ್ತು! ಅಷ್ಟೂ ಹುಡುಗಿಯರು ಅಲ್ಲಿದ್ದ ಎರಡೇ ನಲ್ಲಿಗಳ ಕಡೆ ಒಟ್ಟಿಗೇ ನುಗ್ಗಿದರು. ನಾನು ಮಾತ್ರ ಏಳಲಾರದೆ ಚಾಪೆಯ ಮೇಲೆಯೇ ಇದ್ದೆ. ಡ್ರಿಲ್ ಟೀಚರ್ ಒಂದು ಕೈ, ಹೆಡ್‌ಮಿಸ್ಟ್ರೆಸ್ ಒಂದು ಕೈ ಹಿಡಿದು ಎಬ್ಬಿಸಿದರು.

ಅಂದು ಆ ಶಾಲೆಯಲ್ಲಿ ಒಂದು ಹುಡುಗಿಯೂ ಆಡಲಿಲ್ಲ. ಸುಮತಿಗೆ ಆಟದ ಜಾಗ ಕೊಡಿಸಲು ಹೋಗಿ ಇಡೀ ಶಾಲೆಯ ಆಟ ನಿಲ್ಲಿಸಿದ ಕೀರ್ತಿ ನನ್ನದು.

ಮನೆಯಲ್ಲಿ ಸುಮತಿ ನನ್ನೊಡನೆ ಮಾತು ಬಿಟ್ಟಳು. ಮರುದಿನ ಶಾಲೆಯಿಂದ ಚೀಟಿ ಬಂತು. ಚಾಪೆಗಳನ್ನು ಉಳಿಸಿಕೊಂಡಿದ್ದೇವೆ, ನಿಯಮಗಳನ್ನು ಕೈಬಿಟ್ಟಿದ್ದೇವೆ, ಉಂಡವರು ಉಂಡಂತೆ ಎದ್ದು ಆಡಬಹುದು, ಇನ್ನು ಮುಂದೆ ಊಟದ ಹೊತ್ತಿನಲ್ಲಿ ಪೋಷಕರು ಒಳಗೆ ಬರತಕ್ಕದ್ದಲ್ಲ. ಪೋಷಕರು ಎಂದು ಬಹುವಚನದಲ್ಲಿ ಬರೆದದ್ದು ಅವರ ದೊಡ್ಡತನ. ಆದರೂ ನನಗೆ ಸಂಕಟ ತಪ್ಪಲಿಲ್ಲ. ಎಲ್ಲರೂ ಎದ್ದು ಹೋದರೂ ಈ ನಿಧಾನದ ಕೂಸು ಕೊನೆಗೆ ಒಬ್ಬಳೇ ಚಾಪೆಯ ಮೇಲೆ ಉಳಿಯುತ್ತಾಳಲ್ಲ, ಟೀಮಿಗೆ ಎಲ್ಲಿ ಸೇರುತ್ತಾಳೆ ಎಂದು ಚಿಂತಿಸುತ್ತ ಶುಕ್ರವಾರವಿಡೀ ಗಿರಾಕಿಗಳು ಕಾಫಿ ಕೇಳಿದರೆ ಸಾರು ಕಳಿಸಿದೆ.

ಸಂಜೆ ಸುಮತಿ ಬಾಗಿಲಿನಿಂದಲೇ ಕೂಗುತ್ತ ಬಂದಳು. "ಅಮ್ಮಾ, ಟೀಮಲ್ಲಿ ನಾನೂ ಇದೀನಿ! ಎರಡು ದಿನವೂ ಫಸ್ಟ್ ನಾನೇ ಗ್ರೌಂಡಿಗೆ ಹೋದದ್ದು!"

ನನ್ನ ಎದೆ ಉಬ್ಬಿತು. "ನೋಡಿದ್ಯಾ ಜಲಜ? ಪಂಕ್ತಿಯಲ್ಲಿ ಕೂತರೆ ವೇಗ ಬರ್ತದೆ ಅಂತ ಹೇಳಿದ್ದೆನೋ ಇಲ್ಲವೋ?"

"ಪಂಕ್ತಿ ಎಲ್ಲಾ ಇಲ್ಲ ಅಪ್ಪಾ" ಎಂದಳು ಸುಮತಿ. ಎರಡು ದಿನದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು. "ನಾನು ಡಬ್ಬಿ ತೆರೆದ್ರೆ ಸಾಕು, ಸುತ್ತ ಇರೋರೆಲ್ಲ ಕೈ ಹಾಕಿ ಎರಡೇ ನಿಮಿಷದಲ್ಲಿ ಖಾಲಿ ಮಾಡ್ತಾರೆ."

"ನಮ್ಮ ಹೋಟೆಲಿನ ರುಚಿ ಅಂಥದ್ದು!"

"ರುಚಿ ಇಲ್ಲ ಅಪ್ಪಾ, ಭಯ. 'ಶೀಕ್ಕಿರಂ ಮುಡಿ, ಇಲ್ಲೇನ್ನಾ ಉಂಗಪ್ಪಾ ವಂದುಡುವಾರು' ಅಂತಾರೆ."

ಜಲಜ ನಕ್ಕು ನಕ್ಕು ಕಂಬ ಹಿಡಿದುಕೊಂಡಳು. ಬೇಗ ಮುಗಿಸು, ಇಲ್ಲದಿದ್ದರೆ ನಿಮ್ಮಪ್ಪ ಬಂದುಬಿಡುತ್ತಾರೆ! ರಾಕ್ಷಸರಿಗೇ ಊಟ ಬಡಿಸುತ್ತಿದ್ದ ನಾನು ಕೊನೆಗೆ ಮಕ್ಕಳನ್ನು ಹೆದರಿಸಿ ಉಣ್ಣಿಸುವ ಗುಮ್ಮನಾದೆ.