ಬ್ರೇಕಿಲ್ಲದ ಏಳನೇ ನಂಬರಿನವರಿಗೆ ಒಂದು ವಿನಯಪೂರ್ವಕ ದೂರು

ಹಳೆಯ ಹಾಲಿನ ಡೈರಿಯ ಶೆಡ್ಡಿನಲ್ಲಿ, ಸ್ಪೀಡ್‌ವೇ ಮ್ಯೂಸಿಯಂ ಎಂಬ ಬೋರ್ಡಿನ ಅಡಿಯಲ್ಲಿ, ಎಣ್ಣೆ ಒರೆಸಿಕೊಂಡು ಥಳಥಳಿಸುತ್ತ ವಿರಾಜಮಾನರಾಗಿರುವ ಏಳನೇ ನಂಬರಿನ ಮೋಟಾರ್ ಸೈಕಲ್‌ರವರ ಸನ್ನಿಧಾನಕ್ಕೆ, ಮೈಸೂರು ಮೂಲದವನೂ, ಸದ್ಯ ಡಬ್ಲಿನ್ ಪಶ್ಚಿಮದ ಕ್ಲಾಂಡಾಲ್ಕಿನ್ ನಿವಾಸಿಯೂ, ವೃತ್ತಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಕನೂ, ಇಬ್ಬರು ಮಕ್ಕಳ ತಂದೆಯೂ ಆದ ಚಾಮರಾಜನು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕುಶಲವೆಂದು ನಂಬಿದ್ದೇನೆ. ತಮ್ಮ ಟ್ಯಾಂಕಿನ ಮೇಲೆ ನಮ್ಮ ತಾಯಿಯವರು ಇಟ್ಟ ಅರಿಶಿನ ಕುಂಕುಮ ಇಷ್ಟರಲ್ಲಿ ಅಳಿಸಿಹೋಗಿರಬೇಕು. ಹೋಗಿರದಿದ್ದರೆ ಒಣಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಸಾಕೆಂದು ತಮ್ಮನ್ನು ನೋಡಿಕೊಳ್ಳುವ ಡೆಕ್ಲನ್ ಅವರಿಗೆ ದಯವಿಟ್ಟು ತಿಳಿಸುವುದು. ಈ ದೂರನ್ನು ನಾನು ಅವರಿಗೇ ಬರೆಯಬಹುದಿತ್ತು. ಆದರೆ ಆ ಹಿರಿಯರು ಯಾವುದಕ್ಕೂ 'ಗ್ರ್ಯಾಂಡ್, ಗ್ರ್ಯಾಂಡ್', ಅಂದರೆ ಎಲ್ಲ ಸರಿಯಿದೆ, ಎಂದು ತಲೆಯಾಡಿಸುವ ಸ್ವಭಾವದವರಾದ್ದರಿಂದ, ಅವರ ಬಳಿ ದೂರು ಹೇಳಿಕೊಂಡರೆ ಅದು ದೂರಾಗಿಯೇ ಉಳಿಯುವುದಿಲ್ಲ. ಅಲ್ಲದೆ ನನ್ನ ಸಂಸಾರದಲ್ಲಿ ಆಗಿರುವ ಏರುಪೇರಿಗೆ ನೇರ ಹೊಣೆ ತಾವೇ ಆಗಿರುವುದರಿಂದ ತಮಗೇ, ನಾಲ್ಕು ಜನ ಓದುವ ಹಾಗೆ, ಬರೆಯುತ್ತಿದ್ದೇನೆ.

ಮೊದಲಿಗೆ ನನ್ನ ಪರಿಚಯ. ಮೈಸೂರಿನ ರಸ್ತೆಗಳಲ್ಲಿ ವರ್ಷಗಟ್ಟಲೆ ಸ್ಕೂಟರನ್ನೂ ಕಾರನ್ನೂ ಓಡಿಸಿ, ಒಂದು ಬೀದಿನಾಯಿಗೂ ತಾಗಿಸದ ನನ್ನ ಲೈಸೆನ್ಸನ್ನು ಈ ದೇಶ ಒಪ್ಪದೆ, ಹೊಸದಾಗಿ ಕಲಿತು ಪರೀಕ್ಷೆ ಕೊಡುವಂತೆ ಹೇಳಿತು. ಹಾಗೆಯೇ ಆಗಲೆಂದು ಕೊಟ್ಟೆ. ಮೂರು ಸಲ ಕೊಟ್ಟೆ. ಮೂರು ಸಲವೂ ಪರೀಕ್ಷಕರು ಹೇಳಿದ್ದು ಒಂದೇ ಮಾತು: ಈ ಮನುಷ್ಯನ ಗಾಡಿ ಮುಂದಕ್ಕೆ ಹೋಗುವುದಿಲ್ಲ. ನಾನು ನಮ್ಮೂರ ಸರ್ಕಲ್ಲಿನಂಥ ರೌಂಡ್‌ಅಬೌಟಿನ ಮುಂದೆ ಬ್ರೇಕ್ ಒತ್ತಿ ಹಿಡಿದು, ಬಲಗಡೆಯಿಂದ ಬರುತ್ತಿರುವವರು ಮೊದಲು ಹೋಗಲಿ, ಆಮೇಲೆ ಬರಬಹುದಾದವರೂ ಹೋಗಲಿ ಎಂದು ಕಾಯುತ್ತೇನೆ. ನಾನು ಇದನ್ನು ಸೌಜನ್ಯ ಎಂದುಕೊಂಡಿದ್ದೆ. ಇಲ್ಲಿ ಅದನ್ನು ತಪ್ಪಿನ ಲೆಕ್ಕಕ್ಕೆ ಹಾಕುತ್ತಾರೆ.

ನನ್ನ ಧರ್ಮಪತ್ನಿ ನಿಖಿತಾ ಇದೇ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ, ಅದೂ ಜಡಿಮಳೆಯಲ್ಲಿ, ಪಾಸಾದಳೆಂಬುದು ನಿಜ. ಆದರೂ ಮನೆಗೆ ಬರುವ ಮೊದಲ ಕಾರನ್ನು ಮನೆಯ ಯಜಮಾನನಾದವನು ಓಡಿಸಿಕೊಂಡು ಬಂದರೆ ಚೆಂದವೆಂದು ತೀರ್ಮಾನಿಸಿ, ನಾನು ಪಾಸಾಗುವ ತನಕ ಮನೆಯಲ್ಲಿ ಕಾರಿನ ಮಾತೇ ಬೇಡ ಎಂದಿದ್ದೆ. ಹೀಗಾಗಿ ಎರಡು ವರ್ಷದಿಂದ ಅವಳ ಲೈಸೆನ್ಸು ಪರ್ಸಿನಲ್ಲಿದೆ, ನಾವು ಬಸ್ ಸ್ಟಾಪಿನಲ್ಲಿದ್ದೇವೆ. ಬಸ್ಸು ಚೆನ್ನಾಗಿಯೇ ಇದೆ, ಮಾನ್ಯರೇ, ಪರಿಸರಕ್ಕೂ ಒಳ್ಳೆಯದು.

ಈ ಬೇಸಿಗೆಯಲ್ಲಿ ನನ್ನ ತಾಯಿ ಗಂಗಮ್ಮನವರು ನಮ್ಮನ್ನು ನೋಡಲು ಬಂದರು. ಮಂಡಿನೋವಿನ ಅವರನ್ನು, ಚಟ್ನಿಪುಡಿ ತುಂಬಿದ ಎರಡು ಸೂಟ್‌ಕೇಸುಗಳ ಸಮೇತ, ವಿಮಾನ ನಿಲ್ದಾಣದಿಂದ ಬಸ್ಸಿನಲ್ಲಿ ಕರೆತರುವಾಗ ನಾನು, "ಅಮ್ಮಾ, ನೀನು ವಾಪಸ್ ಹೋಗೋ ದಿನ ನಾನೇ ಕಾರಲ್ಲಿ ಕೂರಿಸ್ಕೊಂಡು ಬಂದು ಬಿಡ್ತೀನಿ ನೋಡು" ಎಂದು ಮಾತು ಕೊಟ್ಟುಬಿಟ್ಟೆ. ತಾಯಿಯವರು ಮಂಡಿ ನೀವಿಕೊಳ್ಳುತ್ತ "ಆಗ್ಲಿ ಮಗಾ" ಎಂದರು. ನಾಲ್ಕನೇ ಪರೀಕ್ಷೆ ಅವರು ಹೊರಡುವ ದಿನಕ್ಕಿಂತ ಸ್ವಲ್ಪ ಮೊದಲಿನ ತಾರೀಖಿಗೆ ನಿಗದಿಯಾಯಿತು. ಆ ಒಂದು ಪರೀಕ್ಷೆಯ ಮೇಲೆ ನನ್ನ ಮಾನವೆಲ್ಲ ನಿಂತಿತ್ತು ಎಂಬುದನ್ನು ತಾವು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಬೇಕಾಗಿ ಪ್ರಾರ್ಥನೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಈ ದೇಶದಲ್ಲಿ ಕನ್ನಡಿಗರ ಹಬ್ಬಗಳೆಲ್ಲ ಶನಿವಾರವೇ ಬರುವ ಸಂಗತಿ ತಮಗೆ ತಿಳಿದಿರಲಿಕ್ಕಿಲ್ಲ. ನಾವೂ ಹಬ್ಬವನ್ನು ಶನಿವಾರಕ್ಕೆ ಎಳೆದುಕೊಂಡೆವು. ಹಿಂದಿನ ವರ್ಷಗಳಲ್ಲಿ ಲ್ಯಾಪ್‌ಟಾಪಿಗೂ ಮಿಕ್ಸಿಗೂ ಕುಂಕುಮವಿಟ್ಟು ಸುಧಾರಿಸಿದ್ದೆವು. ಈ ಸಲ ತಾಯಿಯವರು ಹೂವಿನ ತಟ್ಟೆ ಹಿಡಿದು ಮನೆಯೆಲ್ಲ ನೋಡಿ, "ಗಾಡಿ ಎಲ್ಲಿ ಮಗಾ?" ಎಂದು ಕೇಳಿದರು. ಮಗ ಚಿರಾಗ್ ತನ್ನ ಆಟದ ಸ್ಕೂಟರನ್ನು ತಂದು ನಿಲ್ಲಿಸಿದ. ತಾಯಿಯವರು ಅದಕ್ಕೂ ಒಂದು ಬೊಟ್ಟಿಟ್ಟು, ಮತ್ತೆ ನನ್ನ ಮುಖ ನೋಡಿದರು. ಆ ನೋಟ ತಡೆಯಲಾರದೆ ನಾನು, ಇಲ್ಲೊಂದು ಮ್ಯೂಸಿಯಂ ಇದೆ, ಅಲ್ಲಿ ಬೇಕಾದಷ್ಟು ಗಾಡಿ ತೋರಿಸುತ್ತೇನೆ, ಎಲ್ಲರೂ ಹೋಗಿ ಬರೋಣ ಎಂದೆ. ನೋಡಿ ಬರೋಣ ಎಂಬ ಅರ್ಥದಲ್ಲಿ ಹೇಳಿದ್ದು. ಪೂಜಾಸಾಮಾನು ತಾಯಿಯವರ ಚೀಲ ಸೇರಿದ್ದು ನನಗೆ ಗೊತ್ತಿರಲಿಲ್ಲ.

ಕುಂಬಳಕಾಯಿ ಮಾತ್ರ ಗೊತ್ತಾಯಿತು, ಏಕೆಂದರೆ ಅದನ್ನು ಹೊತ್ತವನು ನಾನು. ದೃಷ್ಟಿ ತೆಗೆಯಲು ಬೂದುಗುಂಬಳ ಸಿಗದೆ, ಹ್ಯಾಲೋವೀನ್‌ಗೆಂದು ಅಂಗಡಿಯ ಬಾಗಿಲಲ್ಲಿ ರಾಶಿ ಹಾಕಿದ್ದ ಕಿತ್ತಳೆ ಬಣ್ಣದ ದೊಡ್ಡ ಕಾಯಿಯೊಂದನ್ನು ತಾಯಿಯವರು ಆರಿಸಿದ್ದರು. ಎರಡು ಬಸ್ಸು ಬದಲಿಸಿ, ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನು ತಮ್ಮ ದರ್ಶನಕ್ಕೆ ಬಂದೆ. ದಾರಿಯುದ್ದಕ್ಕೂ ಜನ ನನಗೆ ಹಬ್ಬದ ಶುಭಾಶಯ ಹೇಳಿದರು, ಬೇರೆ ಹಬ್ಬದ್ದು.

ಇಲ್ಲಿ ತಮ್ಮನ್ನು ಹೊಗಳದೆ ಮುಂದೆ ಹೋಗುವುದು ಧರ್ಮವಲ್ಲ. ಒಂದೇ ಗೇರು. ಬ್ರೇಕು ಇಲ್ಲವೇ ಇಲ್ಲ. ಜೀವಮಾನವೆಲ್ಲ ಸ್ಪೀಡ್‌ವೇ ಎಂಬ ಪಂದ್ಯದ ಮಣ್ಣಿನ ಟ್ರ್ಯಾಕಿನಲ್ಲಿ ಎಡಕ್ಕೇ ತಿರುಗಿದ್ದು, ಒಂದು ಸಲವೂ ಬಲಕ್ಕೆ ತಿರುಗಿದ ದಾಖಲೆಯಿಲ್ಲ. ಎಡಕ್ಕೆ ಹೋಗಬೇಕಾದರೆ ಹ್ಯಾಂಡಲ್ಲನ್ನು ಬಲಕ್ಕೆ ತಿರುಗಿಸಿ, ಹಿಂದಿನ ಚಕ್ರವನ್ನು ಜಾರಲು ಬಿಟ್ಟು, ಉಕ್ಕಿನ ಅಟ್ಟೆ ಕಟ್ಟಿದ ಎಡಗಾಲನ್ನು ನೆಲಕ್ಕೆ ಉಜ್ಜಿಕೊಂಡು ಹೋಗಬೇಕೆಂದು ಡೆಕ್ಲನ್ ಅವರು ವಿವರಿಸಿದಾಗ ನಾನು ದಂಗಾಗಿ ನಿಂತೆ. ಇಷ್ಟು ಕೊರತೆಗಳನ್ನು ಇಟ್ಟುಕೊಂಡು ತಾವು ಗಾಜಿನ ಕಪಾಟಿನ ತುಂಬ ಬೆಳ್ಳಿಯ ಕಪ್ಪುಗಳನ್ನು ಗೆದ್ದಿದ್ದೀರಿ. ಎಲ್ಲ ಬ್ರೇಕುಗಳನ್ನೂ ಸರಿಯಾಗಿ ಬಳಸುವ ನನಗೆ ಒಂದು ಲೈಸೆನ್ಸು ಸಿಕ್ಕಿಲ್ಲ. ಮಗಳು ಮಾನ್ಯಾ ಇದನ್ನು ಕೇಳಿ ನನ್ನ ಕಡೆ ತಿರುಗಿ, ತನ್ನ ಐರಿಷ್ ಧಾಟಿಯಲ್ಲಿ, "ಡ್ಯಾಡ್, ಯೂ ವುಡ್ ಹೇಟ್ ದಿಸ್ ಬೈಕ್" ಎಂದಳು.

ನಾವು ಉಕ್ಕಿನ ಅಟ್ಟೆಯನ್ನು ನೋಡುತ್ತಿದ್ದಾಗ ತಾಯಿಯವರು ಹಗ್ಗ ದಾಟಿ ತಮ್ಮ ಹತ್ತಿರ ಬಂದದ್ದು ತಮಗೇ ಗೊತ್ತು. ನಾನು ತಿರುಗುವಷ್ಟರಲ್ಲಿ ತಮ್ಮ ಹ್ಯಾಂಡಲ್ಲಿಗೆ ಚೆಂಡುಹೂವು ಬಿದ್ದಿತ್ತು, ಎರಡೂ ಚಕ್ರದಡಿ ನಿಂಬೆಹಣ್ಣು ಕೂತಿತ್ತು. ಸ್ವಾಮಿ, ವರ್ಕ್ ಪರ್ಮಿಟ್ಟಿನ ಮೇಲೆ ಇರುವವನು ಮ್ಯೂಸಿಯಮ್ಮಿನ ಸೊತ್ತಿಗೆ ಕುಂಕುಮ ಬಳಿಸಿದರೆ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಡೆಕ್ಲನ್ ಅವರು ಬಂದು, ಟೋಪಿ ತೆಗೆದು, ಇದೇನು ಎಂದು ಕೇಳಿದರು. ನಿಖಿತಾ ಹೇಳಿದಳು. ಅವರು ಸ್ವಲ್ಪ ಯೋಚಿಸಿ, ಹಳೆಯ ಸವಾರರು ಷೂ ಒಳಗೆ ಮೇರಿಮಾತೆಯ ಪದಕ ಇಟ್ಟುಕೊಳ್ಳುತ್ತಿದ್ದರು, ಇದೂ ಅದೇ ತರಹ ಅಲ್ಲವೇ ಎಂದು, 'ಗ್ರ್ಯಾಂಡ್' ಎಂದುಬಿಟ್ಟರು. ಊದುಬತ್ತಿ ಹಚ್ಚಲು ಮಾತ್ರ ಬಿಡಲಿಲ್ಲ. ಕುಂಬಳಕಾಯಿಯನ್ನು ಅಂಗಳದಲ್ಲಿ ಒಡೆಯಲು ಅವರೇ ಜಾಗ ತೋರಿಸಿ, ಆಮೇಲೆ ತಾವೇ ಪೊರಕೆ ತಂದರು.

ಇನ್ನು ನಿಂಬೆಹಣ್ಣಿನ ಮೇಲೆ ಗಾಡಿ ಹಾಯಬೇಕಲ್ಲ. ಪೂಜೆಯಾದ ಗಾಡಿಯ ಮೇಲೆ ಅದನ್ನು ಓಡಿಸತಕ್ಕವರೇ ಕೂರಬೇಕೆಂಬುದು ನಮ್ಮಲ್ಲಿ ಪದ್ಧತಿ. ನಾನು ಜಾಕೆಟ್ಟಿನ ಜಿಪ್ಪು ಎಳೆದುಕೊಂಡು ಮುಂದೆ ಬಂದೆ. ತಾಯಿಯವರು ನನ್ನನ್ನು ಒಂದು ಕೈಯಲ್ಲಿ ಪಕ್ಕಕ್ಕೆ ಸರಿಸಿ, "ನಿಖಿತಾ, ಬಾರಮ್ಮ, ಕೂತ್ಕೋ" ಎಂದರು. ಕುಂಬಳಕಾಯಿ ಹೊತ್ತು ನನಗೆ ಸುಸ್ತಾಗಿರಬಹುದೆಂಬ ಕನಿಕರದಿಂದ ಹಾಗೆಂದರೆಂದು ನಾನು ಅಂದುಕೊಂಡೆ.

ಆಮೇಲೆ ನಡೆದದ್ದಕ್ಕೆ ತಾವೇ ಸಾಕ್ಷಿ. ಡೆಕ್ಲನ್ ಅವರು ತಮ್ಮನ್ನು ಒಂದು ಅಂಗುಲ ತಳ್ಳಿದರು, ನಿಂಬೆಹಣ್ಣು ಚಿಟ್ಟೆಂದಿತು. ಹಾಲಿನ ಡೈರಿಯ ನೆಲವನ್ನು ತೊಳೆದ ನೀರು ಹರಿದುಹೋಗಲೆಂದು ಇಳಿಜಾರಾಗಿ ಕಟ್ಟಿರುತ್ತಾರೆ ಎಂಬುದು ಅವರಿಗೆ ಮರೆತಿತ್ತು, ನಮಗೆ ಗೊತ್ತಿರಲಿಲ್ಲ. ತಾವು ಹೊರಟಿರಿ. ನಾನು ಹಿಂದೆ ಓಡುತ್ತ "ಬ್ರೇಕ್ ಹಿಡಿ, ಬ್ರೇಕ್ ಹಿಡಿ" ಎಂದು ಕೂಗಿದೆ. ಇಲ್ಲದ್ದನ್ನು ಹಿಡಿಯಲು ಹೇಳಿದವನು ಆ ಶೆಡ್ಡಿನ ಚರಿತ್ರೆಯಲ್ಲಿ ನಾನೊಬ್ಬನೇ ಇರಬೇಕು. ನಿಖಿತಾ ಹಿಡಿಯಲಿಲ್ಲ, ಕೂಗಲೂ ಇಲ್ಲ. ಹ್ಯಾಂಡಲ್ಲನ್ನು ಬಲಕ್ಕೆ ತಿರುಗಿಸಿ, ಎಡಗಾಲು ನೆಲಕ್ಕೂರಿ, ಬೆಳ್ಳಿ ಕಪ್ಪುಗಳ ಕಪಾಟನ್ನು ಬಳಸಿಕೊಂಡು ಎಡಕ್ಕೆ ಹೋಗಿ, ಗೋಡೆಯ ಪಕ್ಕ ಜೋಡಿಸಿದ್ದ ಹುಲ್ಲಿನ ಪೆಂಡಿಗಳಿಗೆ ಮೆತ್ತಗೆ ತಾಗಿ ನಿಂತಳು. ಅವಳು ನಗುತ್ತಿದ್ದಳು. ಹೆಂಡತಿ ಹಾಗೆ ನಕ್ಕದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು, ಮಾನ್ಯರೇ. ಮಕ್ಕಳು ಚಪ್ಪಾಳೆ ತಟ್ಟಿದರು.

ವಾಪಸ್ಸು ಬರುವಾಗ ಬಸ್ ಸ್ಟಾಪಿನಲ್ಲಿ ನಿಂತೆವು. ಇನ್ನೇನು ಬಂತು ಎಂದು ಸ್ಟಾಪಿನ ಎಲೆಕ್ಟ್ರಾನಿಕ್ ಹಲಗೆಯಲ್ಲಿ ತೋರಿಸಿದ ಬಸ್ಸು ಬಾರದೆ, ಹಲಗೆಯಿಂದಲೂ ಮಾಯವಾಯಿತು. ಮಳೆ ಅಡ್ಡಡ್ಡ ಬೀಳುತ್ತಿತ್ತು. ತಾಯಿಯವರು ತಗ್ಗು ಗೋಡೆಯ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದರು. ನಿಖಿತಾ ಅಟ್ಟೆ ಕಿತ್ತುಬಂದ ತನ್ನ ಎಡಗಾಲಿನ ಷೂ ನೋಡಿಕೊಂಡು ಇನ್ನೂ ಒಳಗೊಳಗೇ ನಗುತ್ತಿದ್ದಳು. ನಾನು ಎಲ್ಲರಿಗೂ ಧೈರ್ಯವಾಗಲೆಂದು ಬಸ್ಸಿನಿಂದ ಪರಿಸರಕ್ಕೆ ಆಗುವ ಉಪಕಾರವನ್ನು ವಿವರಿಸತೊಡಗಿದೆ. ತಾಯಿಯವರು ಕೇಳುವಷ್ಟು ಕೇಳಿ, "ಮಗಾ, ಆ ಗಾಡಿಗೆ ಬ್ರೇಕ್ ಇಲ್ಲ. ನಮ್ಮನೇಲಿ ಬ್ರೇಕ್ ಐತೆ, ಗಾಡಿ ಇಲ್ಲ" ಎಂದರು.

ಆದರೂ ಪೂಜೆ ಸಲ್ಲಿದೆ, ಫಲ ನನಗೇ ಎಂಬ ಭರವಸೆಯಿಂದ ನಾನು ಎರಡೂ ಕಡೆ ಬ್ರೇಕಿರುವ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ನಾಲ್ಕನೇ ಪರೀಕ್ಷೆಗೆ ಹೋದೆ. ರೌಂಡ್‌ಅಬೌಟ್ ಕಂಡೊಡನೆ ತಮ್ಮನ್ನು ಭಕ್ತಿಯಿಂದ ನೆನೆದು, ಬ್ರೇಕಿನ ಮೇಲಿಂದ ಕಾಲು ತೆಗೆದು, ನಿಲ್ಲದೆ ಒಳಗೆ ನುಗ್ಗಿದೆ. ಪಕ್ಕದಲ್ಲಿದ್ದ ಪರೀಕ್ಷಕರು ತಮ್ಮ ಕಡೆಯ ಬ್ರೇಕನ್ನು ತಾವೇ ಒತ್ತಿದರು. ಎದುರಿದ್ದ ಸಿಮೆಂಟ್ ಲಾರಿಯವನೂ ಒತ್ತಿದ. ಫಲಿತಾಂಶವನ್ನು ತಮಗೆ ಬಿಡಿಸಿ ಹೇಳಬೇಕಿಲ್ಲ.

ಬಸ್ಸಿನಲ್ಲಿ ಮನೆಗೆ ಬಂದಾಗ ಬಾಗಿಲ ಮುಂದೆ ಪುಟ್ಟ ನೀಲಿ ಕಾರೊಂದು ನಿಂತಿತ್ತು. ಯಾರೋ ನೆಂಟರು ಬಂದಿದ್ದಾರೆಂದುಕೊಂಡು ನಾನು ಕೂದಲು ಸರಿಮಾಡಿಕೊಂಡು ಒಳಗೆ ಹೋದೆ. ನೆಂಟರಿರಲಿಲ್ಲ. ನಾನು ಪರೀಕ್ಷೆಯಲ್ಲಿದ್ದ ಹೊತ್ತಿನಲ್ಲಿ ಅತ್ತೆ ಸೊಸೆ ಹೋಗಿ, ನೋಡಿ, ಒಪ್ಪಿ, ಕೊಂಡು, ಓಡಿಸಿಕೊಂಡು ಬಂದಿದ್ದರು. "ರೀ, ಪಾಸಾಯ್ತಾ?" ಎಂದು ನಿಖಿತಾ ಬಹಳ ಮೆಲ್ಲಗೆ ಕೇಳಿದಳು. ನಾನು ಕಾಫಿ ಇದೆಯಾ ಎಂದು ಕೇಳಿದೆ.

ಆದ್ದರಿಂದ ಮಾನ್ಯರಲ್ಲಿ ನನ್ನ ಬೇಡಿಕೆಗಳು ಅತ್ಯಲ್ಪ. ತೋರಿಕೆಗಾದರೂ ತಾವು ಒಂದು ಬ್ರೇಕ್ ಹಾಕಿಸಿಕೊಳ್ಳಬೇಕು, ಅದು ಹಿಡಿಯದಿದ್ದರೂ ಚಿಂತೆಯಿಲ್ಲ. ಆಗಾಗ ಬಲಕ್ಕೂ ತಿರುಗಿ, ಸಂಸಾರಸ್ಥರಿಗೆ ಮಾದರಿಯಾಗಬೇಕು. ಬಿಡುವಾದಾಗ ನನ್ನ ಪರೀಕ್ಷಾ ಕೇಂದ್ರಕ್ಕೆ ಬಂದು, ನಾನು ಆ ದಿನ ಮಾಡಿದ್ದು ತಮ್ಮ ಶಿಷ್ಯನಾಗಿ ಎಂದು ಒಂದು ಮಾತು ಹೇಳಬೇಕು. ಮತ್ತು ತಾಯಿಯವರು ಹೊರಡುವ ದಿನವನ್ನು ನಾನು ಐದನೇ ಸಲ ಕೂರುವವರೆಗೆ ಮುಂದೆ ಹಾಕಿಸಬೇಕು. ಈ ಕೊನೆಯದಕ್ಕೆ ಈಗ ತಡವಾಗಿದೆ. ಅವರು ಇವತ್ತು ಹೊರಟರು.

ಕಾರು ಪುಟ್ಟದು. ಸೂಟ್‌ಕೇಸುಗಳಲ್ಲಿ ಒಂದು ಡಿಕ್ಕಿಯಲ್ಲಿ ಹಿಡಿಸಿತು, ಇನ್ನೊಂದು ಹಿಂದಿನ ಸೀಟಿನ ನಡುವೆ ಮಕ್ಕಳ ಮಧ್ಯೆ ಕೂತಿತು, ಮುಂದೆ ತಾಯಿಯವರು ಕೂತರು. ಉಳಿದ ಜಾಗದಲ್ಲಿ ಸ್ಟಿಯರಿಂಗ್ ಹಿಡಿದು ನಿಖಿತಾ ಇದ್ದಳು. ತಾಯಿಯವರು ಗಾಜು ಇಳಿಸಿ, "ಬೇಜಾರ್ ಮಾಡ್ಕೋಬೇಡ ಮಗಾ. ನೀನು ಬಸ್ಸಲ್ಲಿ ಬಾ. ನಿಂಗೆ ಬಸ್ಸೇ ಇಷ್ಟ ಅಲ್ವಾ" ಎಂದರು. ಬೇಜಾರಾಯಿತು, ಮಾನ್ಯರೇ, ಮುಚ್ಚಿಟ್ಟು ಏನಾಗಬೇಕಿದೆ. ಬಸ್ಸಿನ ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕೂತು ಹೋಗುವಾಗ, ವಿಮಾನ ನಿಲ್ದಾಣದ ಹತ್ತಿರದ ರೌಂಡ್‌ಅಬೌಟಿನಲ್ಲಿ ಕೆಳಗೆ ಆ ನೀಲಿ ಕಾರು ಕಂಡಿತು. ನಿಖಿತಾ ಒಂದು ಕ್ಷಣ ನಿಧಾನಿಸಿ, ಸಂದು ನೋಡಿ, ಸರಕ್ಕನೆ ಒಳಗೆ ಹೋದಳು. ತಾಯಿಯವರು ಕಿಟಕಿಯಿಂದ ಕೈ ಬೀಸಿದರು. ನಾನೂ ಎದ್ದು ನಿಂತು ಬೀಸಿದೆ. ಅವರು ಬೀಸಿದ್ದು ದಾರಿ ಬಿಟ್ಟ ಲಾರಿಯವನಿಗೆ.

ಇಂತಿ, ವಿಮಾನ ನಿಲ್ದಾಣದಿಂದ ಮರಳುವ ಬಸ್ಸಿನ ಸಾಲಿನಲ್ಲಿ ನಿಂತಿರುವ,
ತಮ್ಮ ಅತ್ಯಂತ ನಿಧಾನದ ವಿಶ್ವಾಸಿ,
ಚಾಮರಾಜ

ವಿ.ಸೂ.: ಬೀಳ್ಕೊಡುವಾಗ, ಅಮ್ಮಾ, ಅವತ್ತು ಪೂಜೆಯಲ್ಲಿ ನನ್ನ ಪರೀಕ್ಷೆಗೂ ಕೇಳಿಕೊಂಡಿದ್ದೆಯಾ ಎಂದು ವಿಚಾರಿಸಿದೆ. ತಾಯಿಯವರು ನನ್ನ ಕೆನ್ನೆ ಸವರಿ, "ಕೇಳ್ಕೊಳ್ಳೋಣ ಅಂತಾನೇ ಹೋದೆ ಮಗಾ. ನೋಡಿದ್ರೆ ಆ ಗಾಡಿಗೆ ಒಂದೇ ಸೀಟು. ಅವಳೊಬ್ಬಳಿಗೆ ಕೇಳ್ಕೊಂಡೆ" ಎಂದರು. ಬ್ರೇಕಿನ ಬೇಡಿಕೆಯನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ಹಿಂದೆ ಒಂದು ಸೀಟು ಹಾಕಿಸಿಕೊಳ್ಳಿ, ಚಿಕ್ಕದಾದರೂ ಸಾಕು.